ಮಾಡ್ಯೂಲ್ ಅಂದರೆ ತುಂಡು ಅಲ್ಲ

‘ಹಳೇ ಫಾಕ್ಸ್‌ಪ್ರೋ ಪ್ರೋಗ್ರಾಮನ್ನು ಪೂರ್ತಿ ಮಾಡ್ಯುಲರ್ ಮಾಡಿಸಿದ್ದೀವಿ ಸಾರ್.’ ತುಮಕೂರಿನ ಅಡಿಕೆ ಮಂಡಿಯೊಂದರಲ್ಲಿ ಹೋದ ವಾರ ಮತ್ತೆ ಇದೇ ಮಾತು ಕೇಳಿದೆ. ಫಾಕ್ಸ್‌ಪ್ರೋ ಅಂದರೆ ಲೆಕ್ಕಪತ್ರದಂಥ ಪ್ರೋಗ್ರಾಮ್ ಬರೆಯಲು ಬಳಸುತ್ತಿದ್ದ ಹಳೇ ಡೇಟಾಬೇಸ್ ಸಾಫ್ಟ್‌ವೇರ್. ಮಾಡ್ಯುಲರ್ ಅಂದರೆ, ಒಂದು ಭಾಗ ಬದಲಿಸಿದರೆ ಉಳಿದದ್ದು ಕೆಡದ ಹಾಗೆ ಕಟ್ಟಿದ್ದು. ತೆರೆದು ನೋಡಿದರೆ, ಒಂದು ಉದ್ದನೆಯ ಫೈಲನ್ನು ಕತ್ತರಿಸಿ ಇಪ್ಪತ್ತು ಮಾಡಿದ್ದಾರೆ, ಅಷ್ಟೇ. ಪಟ್ಟಿಗೆ ಒಂದು, ಸ್ಟಾಕಿಗೆ ಒಂದು, ಲೆಡ್ಜರಿಗೆ ಒಂದು. ಎಲ್ಲದರ ತಲೆಯ ಮೇಲೂ ಸಾಲುಗಟ್ಟಲೆ ಪಬ್ಲಿಕ್ ವೇರಿಯಬಲ್‌ಗಳು, ಅಂದರೆ ಎಲ್ಲ ಫೈಲಿಗೂ ಕಾಣುವ, ಬೆಲೆ ತುಂಬಿಡುವ ಹೆಸರುಗಳು. ಯಾವ ಫೈಲು ಬೇಕಾದರೂ ಇನ್ನೊಂದರ ಲೆಕ್ಕ ಕೆಡಿಸಬಹುದು. ಇದನ್ನು ಮಾಡ್ಯುಲರ್ ಅನ್ನಬಾರದು. ಮಂಡಿಯವರು ಇದಕ್ಕೆ ದುಡ್ಡು ಕೊಟ್ಟಿದ್ದಾರೆ.

ಪದ ಹುಟ್ಟಿದ್ದು ಹೇಗೆ ನೋಡಿ. ಲ್ಯಾಟಿನ್‌ನಲ್ಲಿ ‘ಮೋಡಸ್’ ಅಂದರೆ ಅಳತೆ, ‘ಮಾಡ್ಯುಲಸ್’ ಅಂದರೆ ಪುಟ್ಟ ಅಳತೆ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಗುಡಿ ಕಟ್ಟುವ ಬಗ್ಗೆ ಬರೆಯುವಾಗ ಈ ಪದ ಬಳಸಿದ್ದಾನೆ. ಕಂಬದ ದಪ್ಪದಿಂದ ಒಂದು ಅಳತೆ ಹಿಡಿದು, ಗುಡಿಯ ಉಳಿದ ಭಾಗಗಳನ್ನು ಅದರಲ್ಲೇ ಎಣಿಸುವುದು. ನಮ್ಮ ಶಿಲ್ಪಿಗಳ ‘ತಾಳ’ವೂ ಇದೇ ಜಾತಿಯದು. ಮುಖದ ಉದ್ದ ಒಂದು ತಾಳ. ನವತಾಳದ ವಿಗ್ರಹ ಅಂದರೆ ಅಂಥ ಒಂಬತ್ತರ ಎತ್ತರ. ಅಳತೆ ಮೊದಲೇ ಗೊತ್ತಿದ್ದರೆ ಒಬ್ಬ ಪೀಠ ಕೆತ್ತಬಹುದು, ಇನ್ನೊಬ್ಬ ವಿಗ್ರಹ ಕೆತ್ತಬಹುದು. ಎರಡೂ ಕೂತುಕೊಳ್ಳುತ್ತವೆ. ಇದರಲ್ಲಿ ‘ತುಂಡು’ ಅನ್ನುವ ಅರ್ಥ ಎಲ್ಲಿದೆ?

ಮಾಡ್ಯುಲರ್ ಕಿಚನ್ ಮಾಡುವ ಬಡಗಿಗೆ ಇದು ಚೆನ್ನಾಗಿ ಗೊತ್ತು. ಸಿಂಕಿನ ಕೆಳಗಿನ ಬಾಕ್ಸ್ ನೀರು ಕುಡಿದು ಉಬ್ಬಿದರೆ ಅದೊಂದನ್ನೇ ಬಿಚ್ಚಿ ಬೇರೆ ಕೂರಿಸುತ್ತಾನೆ. ಪಕ್ಕದ ಬಾಕ್ಸ್ ಮುಟ್ಟುವುದಿಲ್ಲ.

ಸಾಫ್ಟ್‌ವೇರಿನಲ್ಲಿ ಇದನ್ನು 1972ರಲ್ಲೇ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ ಸ್ಪಷ್ಟವಾಗಿ ಬರೆದರು. ಕೆಲಸದ ಹಂತಗಳಂತೆ ಪ್ರೋಗ್ರಾಮನ್ನು ಒಡೆಯಬೇಡಿ. ಮುಂದೆ ಬದಲಾಗಬಹುದಾದ ತೀರ್ಮಾನಗಳನ್ನು ಹುಡುಕಿ, ಒಂದೊಂದನ್ನೂ ಒಂದೊಂದು ಮಾಡ್ಯೂಲಿನ ಒಳಗೆ ಬಚ್ಚಿಡಿ. ಬಚ್ಚಿಡುವುದೇ ಮುಖ್ಯ.

2017ರ ಜುಲೈ 1 ನೆನಪಿದೆ ಅಲ್ವಾ? ವ್ಯಾಟ್ ಹೋಯಿತು, ಜಿಎಸ್‌ಟಿ ಬಂತು. ತೆರಿಗೆಗೆ ಒಂದು ಸಾಲಿದ್ದ ಬಿಲ್ಲಿನಲ್ಲಿ ಕೇಂದ್ರದ ಪಾಲಿಗೆ ಸಿಜಿಎಸ್‌ಟಿ, ರಾಜ್ಯದ ಪಾಲಿಗೆ ಎಸ್‌ಜಿಎಸ್‌ಟಿ ಅಂತ ಎರಡು ಸಾಲು ಬೇಕಾಯಿತು. ಹೊರ ರಾಜ್ಯಕ್ಕೆ ಲೋಡ್ ಹೋದರೆ ಐಜಿಎಸ್‌ಟಿ. ತೆರಿಗೆಯ ಲೆಕ್ಕ ಒಂದೇ ಜಾಗದಲ್ಲಿ ಇದ್ದವರು ಆ ಒಂದು ಜಾಗವನ್ನು ತಿದ್ದಿದರು. ಬಿಲ್ಲು, ರಿಟರ್ನ್, ಲೆಡ್ಜರ್ ಎಲ್ಲದರಲ್ಲೂ ದರ ಬರೆದಿಟ್ಟವರು ರಾತ್ರಿಯೆಲ್ಲ ಹುಡುಕಿದರು. ಫೈಲು ಇಪ್ಪತ್ತಿದ್ದರೆ ಹುಡುಕುವ ಜಾಗವೂ ಇಪ್ಪತ್ತು.

ಫಾಕ್ಸ್‌ಪ್ರೋದಲ್ಲಿ ಇನ್ನೊಂದು ಮೋಸವಿದೆ. ಅಲ್ಲಿ ‘ಪ್ರೈವೇಟ್’ ಅಂದರೆ ಪ್ರೈವೇಟ್ ಅಲ್ಲ. ಆ ವೇರಿಯಬಲ್, ಅಲ್ಲಿಂದ ಕರೆದ ಎಲ್ಲ ಪ್ರೊಸೀಜರ್‌ಗಳಿಗೂ (ಒಳಗಿನ ಸಣ್ಣ ಪ್ರೋಗ್ರಾಮ್‌ಗಳಿಗೂ) ಕಾಣುತ್ತದೆ, ಅವು ಅದನ್ನು ಬದಲಿಸಲೂಬಹುದು. ನಿಜವಾಗಿ ಒಳಗೇ ಉಳಿಯುವ ‘ಲೋಕಲ್’ ಬಂದದ್ದು ಆಮೇಲಿನ ವಿಷುಯಲ್ ಫಾಕ್ಸ್‌ಪ್ರೋದಲ್ಲಿ. ಹಳೇ ಕೋಡನ್ನು ಸುಮ್ನೆ ಕತ್ತರಿಸಿ ಹೊಸ ಫೈಲಿಗೆ ಹಾಕಿದರೆ ಈ ಸೋರಿಕೆಯೂ ಜೊತೆಗೇ ಹೋಗುತ್ತದೆ. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ ಒಯ್ದು, ಡೇಟಾ ಮತ್ತು ಕೆಲಸ ಒಟ್ಟಿಗೆ ಇಡುವ ‘ಕ್ಲಾಸ್’ ಅಂತ ಹೆಸರಿಟ್ಟು, ಒಳಗಿನದೆಲ್ಲ ಪಬ್ಲಿಕ್ ಬಿಟ್ಟರೂ ಅದೇ ಕಥೆ.

ಹಾಗಾಗಿ ಮಾಡಿಸುವವರು ‘ಎಷ್ಟು ಮಾಡ್ಯೂಲ್?’ ಅಂತ ಕೇಳಬೇಡಿ. ‘ನಾಳೆ ಹಮಾಲಿ ದರ ಹಾಕುವ ರೀತಿ ಬದಲಾದರೆ ಎಷ್ಟು ಫೈಲು ತೆರೆಯಬೇಕು?’ ಅಂತ ಕೇಳಿ. ಮಂಡಿಯಲ್ಲಿ ಇದನ್ನೇ ಕೇಳಿದೆ. ಪ್ರೋಗ್ರಾಮ್ ಮಾಡಿದ ಹುಡುಗ ಎಣಿಸಿ ನೋಡಿ ‘ಹನ್ನೊಂದು’ ಅಂದ.