ಪವರ್ ಬ್ಯಾಂಕ್ ಸೂಟ್‌ಕೇಸಿನಲ್ಲಿ ಏಕೆ ಬೇಡ?

ಪ್ರಶ್ನೆ: ಮುಂಬೈಯಿಂದ ಮಂಗಳೂರಿಗೆ ಹೊರಟಿದ್ದಾಗ ಚೆಕ್-ಇನ್ ಸೂಟ್‌ಕೇಸಿನಿಂದ ಪವರ್ ಬ್ಯಾಂಕ್ ತೆಗೆಸಿ, ಕೈಚೀಲದಲ್ಲಿ ಒಯ್ಯಿರಿ ಎಂದರು. ಬೆಂಕಿಯ ಭಯವಿರುವ ವಸ್ತುವನ್ನು ಜನರ ನಡುವೆ ಇಟ್ಟರೆ ಅಪಾಯ ಹೆಚ್ಚಲ್ಲವೇ? (ಡೊಂಬಿವಲಿಯ ಓದುಗರೊಬ್ಬರು)

ಉತ್ತರ: ನಿಮ್ಮ ಸಂಶಯ ಸಹಜವೇ. ಆದರೆ ಬೆಂಕಿ ಹೊತ್ತಿದರೆ ಅದು ತಕ್ಷಣ ಯಾರದಾದರೂ ಕಣ್ಣಿಗೆ ಬೀಳಬೇಕು, ಕೈಗೆ ಎಟುಕಬೇಕು ಎಂಬುದು ಈ ನಿಯಮದ ತಿರುಳು.

ಪವರ್ ಬ್ಯಾಂಕಿನೊಳಗಿನ ಲಿಥಿಯಂ ಅಯಾನ್ ಕೋಶದ ಎರಡು ಧ್ರುವಗಳ ನಡುವೆ ತೆಳುವಾದ ಪೊರೆಯಿದೆ. ಜಜ್ಜಿಹೋಗಿಯೋ ತಯಾರಿಕೆಯ ದೋಷದಿಂದಲೋ ಅದು ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಶಾಖ ಏರಿದಷ್ಟೂ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಕ್ರಿಯೆ ಚುರುಕಾದಷ್ಟೂ ಶಾಖ ಏರುತ್ತದೆ. ಪಕ್ಕದ ಕೋಶವೂ ಹೊತ್ತಿಕೊಳ್ಳುತ್ತದೆ. ವಿಮಾನದ ಕೆಳಗಿನ ಸರಕು ವಿಭಾಗದಲ್ಲಿ ಹ್ಯಾಲಾನ್ ಅನಿಲದ ವ್ಯವಸ್ಥೆ ಇದೆ, ನಿಜ. ಅದು ಜ್ವಾಲೆಯನ್ನು ಅಡಗಿಸುತ್ತದೆ, ಕೋಶದೊಳಗಿನ ಶಾಖವನ್ನು ಇಳಿಸುವುದಿಲ್ಲ. ಅದಕ್ಕೆ ನೀರೇ ಬೇಕು. ಕ್ಯಾಬಿನ್ನಿನಲ್ಲಾದರೆ ಸಿಬ್ಬಂದಿ ಬೆಂಕಿ ಆರಿಸಿ, ಮೇಲೆ ನೀರು ಸುರಿದು ತಣಿಸಬಹುದು. ಹಾರಾಟದ ನಡುವೆ ನಿಮ್ಮ ಸೂಟ್‌ಕೇಸಿನ ಬಳಿಗೆ ಹೋಗುವವರು ಯಾರು?

2010ರ ಸೆಪ್ಟೆಂಬರ್ 3ರಂದು ದುಬೈಯಲ್ಲಿ ಲಿಥಿಯಂ ಬ್ಯಾಟರಿಗಳನ್ನು ಹೊತ್ತ ಸರಕು ವಿಮಾನವೊಂದು ಬೆಂಕಿಗೆ ತುತ್ತಾಗಿ ಇಬ್ಬರೂ ಪೈಲಟ್‌ಗಳು ಸತ್ತರು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ನಿಂತಿದ್ದ ವಿಮಾನದ ತಲೆಮೇಲಿನ ಪೆಟ್ಟಿಗೆಯಲ್ಲಿ ಬೆಂಕಿ ಕಾಣಿಸಿತು. ಪವರ್ ಬ್ಯಾಂಕಿನ ಮೇಲೆಯೇ ಸಂಶಯ ಬಿತ್ತು. ಒಳಗಿದ್ದ 176 ಜನರೂ ಹೊರಬಂದರು, ವಿಮಾನ ಉಳಿಯಲಿಲ್ಲ. ಹಾಗಾಗಿ ಕ್ಯಾಬಿನ್ನಿಗೆ ತಂದ ಪವರ್ ಬ್ಯಾಂಕನ್ನು ಮೇಲಿನ ಪೆಟ್ಟಿಗೆಗೆ ತುರುಕುವುದೂ ಜಾಣತನವಲ್ಲ.

ಮಿತಿಯ ಲೆಕ್ಕ ಸುಲಭ. 100 ವ್ಯಾಟ್-ಅವರ್ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ) ತನಕ ಅನುಮತಿ ಬೇಡ. 100ರಿಂದ 160ರವರೆಗೆ ವಿಮಾನಸಂಸ್ಥೆಯ ಒಪ್ಪಿಗೆ ಬೇಕು, ಅದೂ ಎರಡಕ್ಕೆ ಮಾತ್ರ. ಅದಕ್ಕೂ ಮೇಲೆ ಪ್ರಯಾಣಿಕರು ಒಯ್ಯುವಂತಿಲ್ಲ. ಆಂಪಿಯರ್-ಅವರ್ ಅನ್ನು ವೋಲ್ಟೇಜಿನಿಂದ ಗುಣಿಸಿ: 20,000 ಮಿಲಿಆಂಪಿಯರ್-ಅವರ್ ಎಂದರೆ 20 ಆಂಪಿಯರ್-ಅವರ್, ಅದನ್ನು ಕೋಶದ ವೋಲ್ಟೇಜ್ ಆದ 3.7ರಿಂದ ಗುಣಿಸಿದರೆ 74 ವ್ಯಾಟ್-ಅವರ್. ಚಿಂತೆಯಿಲ್ಲ. 30,000ದ್ದಾದರೆ 111, ಮೊದಲೇ ಕೇಳಿಕೊಳ್ಳಿ. ಅಂಕಿ ಅಳಿಸಿಹೋಗಿರುವ ಅಗ್ಗದ ಪವರ್ ಬ್ಯಾಂಕನ್ನಂತೂ ಮನೆಯಲ್ಲೇ ಬಿಡಿ. ಭದ್ರತಾ ಸಿಬ್ಬಂದಿಯೊಡನೆ ವಾದಿಸಿ ಗೆದ್ದವರು ಕಡಿಮೆ.

ಜನ ಎಡವುವುದು ಬೋರ್ಡಿಂಗ್ ಗೇಟಿನಲ್ಲಿ. ಗಣೇಶ ಚತುರ್ಥಿಯ ಹೊತ್ತಿಗೆ ವಿಮಾನ ತುಂಬಿ, ಮೇಲೆ ಜಾಗವಿಲ್ಲವೆಂದು ಕೈಚೀಲವನ್ನೂ ಕೆಳಗೆ ಹಾಕಿಸುತ್ತಾರೆ. ಪವರ್ ಬ್ಯಾಂಕ್ ಅದರೊಳಗಿದ್ದರೆ ಕೊಡುವ ಮುನ್ನ ಹೊರತೆಗೆದು ಜೇಬಿಗೆ ಹಾಕಿಕೊಳ್ಳಿ. ಇನ್ನೊಂದು: ಮೊಬೈಲ್ ಆಸನದ ಸಂದಿಗೆ ಜಾರಿದರೆ ಆಸನವನ್ನು ಹಿಂದೆ ಮುಂದೆ ಸರಿಸಬೇಡಿ, ಅದು ಜಜ್ಜಿಹೋದೀತು, ಸಿಬ್ಬಂದಿಯನ್ನು ಕರೆಯಿರಿ.