ಎಕೋ, ಎಂಡೋಸ್ಕೋಪಿ ವಿಡಿಯೊ ಕುಗ್ಗಿಸಿದಾಗ ಕಳೆಯುವುದೇನು?

ಎಂಡೋಸ್ಕೋಪಿ ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ ಎಂದುಕೊಳ್ಳಿ. ಒಂದೊಂದು ಫ್ರೇಮಿನಲ್ಲೂ 1920 × 1080 ಬಿಂದುಗಳು, ಪ್ರತಿ ಬಿಂದುವಿನ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್. ಅಲ್ಲಿಗೆ ಒಂದು ಫ್ರೇಮಿಗೆ 6.2 ಎಂಬಿ, ಒಂದು ಸೆಕೆಂಡಿಗೆ 187 ಎಂಬಿ, 20 ನಿಮಿಷದ ಕೊಲೊನೋಸ್ಕೋಪಿಗೆ (ದೊಡ್ಡ ಕರುಳಿನ ಎಂಡೋಸ್ಕೋಪಿ) 224 ಜಿಬಿ. ದಿನಕ್ಕೆ ಹತ್ತು ರೋಗಿಗಳನ್ನು ನೋಡುವ ವಿಭಾಗದಲ್ಲಿ ಸಂಜೆಯ ಹೊತ್ತಿಗೆ 2 ಟಿಬಿ ದಾಟಿರುತ್ತದೆ. ಅದೇ ವಿಡಿಯೊವನ್ನು ಎಚ್.264 ಎಂಬ ಕುಗ್ಗಿಸುವ ವಿಧಾನದಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ದರಕ್ಕೆ ಇಳಿಸಿದರೆ ಒಂದೂವರೆ ಜಿಬಿಯಲ್ಲಿ ಮುಗಿಯುತ್ತದೆ. ಮೂಲದ ನೂರೈವತ್ತರಲ್ಲಿ ಒಂದು ಪಾಲು! ಮಿಕ್ಕಿದ್ದರಲ್ಲಿ ಬಹುಪಾಲು ನಿಜಕ್ಕೂ ಬೇಡದ ಪುನರಾವರ್ತನೆ. ಆದರೆ ಎಲ್ಲವೂ ಅಲ್ಲ.

ಏನನ್ನೂ ಕಳೆದುಕೊಳ್ಳದೆ ಕುಗ್ಗಿಸುವ ವಿಧಾನಗಳೂ ಇವೆ: ಜೆಪೆಗ್ ಲಾಸ್‌ಲೆಸ್, ಜೆಪೆಗ್-ಎಲ್‌ಎಸ್, ಜೆಪೆಗ್ 2000. ಸಿಟಿ ಸ್ಕ್ಯಾನಿನ ಒಂದು ಪದರ 512 × 512 ಬಿಂದು, ಬಿಂದುವಿಗೆ ಎರಡು ಬೈಟ್, ಅಂದರೆ ಅರ್ಧ ಎಂಬಿ. ಈ ವಿಧಾನಗಳು ಅದನ್ನು ಸಾಮಾನ್ಯವಾಗಿ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಸುತ್ತವೆ, ಅಲ್ಲಿಗೆ ನಿಲ್ಲುತ್ತವೆ. ಅಡ್ಡಿಯಾಗುವುದು ಚಿತ್ರದೊಳಗಿನ ನಾಯ್ಸ್, ಅಂದರೆ ಬಿಂದುಗಳಲ್ಲಿ ಸುಮ್ಮನೆ ಎದ್ದುಬೀಳುವ ಚದುರು ಏರಿಳಿತ. ಅದಕ್ಕೆ ಗೊತ್ತುಗುರಿ ಇಲ್ಲ, ಹಾಗಾಗಿ ಸಂಕ್ಷೇಪವೂ ಇಲ್ಲ. ಇದ್ದದ್ದನ್ನು ಇದ್ದಂತೆ ಬರೆದಿಡಬೇಕು. ತೆಳು ಪದರದ ಸಿಟಿಯಲ್ಲಿ ನಾಯ್ಸ್ ಹೆಚ್ಚು, ಆದ್ದರಿಂದ ಅದು ಕುಗ್ಗುವುದೂ ಕಡಿಮೆ.

ಇದಕ್ಕಿಂತ ಚಿಕ್ಕದು ಬೇಕೆಂದರೆ ಮಾಹಿತಿ ಎಸೆಯಲೇಬೇಕು. ಜೆಪೆಗ್ ಚಿತ್ರವನ್ನು 8 × 8 ಬಿಂದುಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದ ನವಿರಾದ ಏರಿಳಿತಗಳನ್ನು ಹತ್ತಿರದ ದುಂಡು ಅಂಕಿಗಳಿಗೆ ಒರಟಾಗಿ ಹೊಂದಿಸುತ್ತದೆ. ವಿಡಿಯೊ ವಿಧಾನಗಳು ಸಾಮಾನ್ಯವಾಗಿ ಬಣ್ಣದ ವಿವರವನ್ನೂ ನಾಲ್ಕನೇ ಒಂದಕ್ಕೆ ಇಳಿಸುತ್ತವೆ, ಏಕೆಂದರೆ ನಮ್ಮ ಕಣ್ಣಿಗೆ ಬೆಳಕಿನ ಅಂಚು ಕಂಡಷ್ಟು ಚುರುಕಾಗಿ ಬಣ್ಣದ ಅಂಚು ಕಾಣದು. ಸಿನಿಮಾಕ್ಕೆ ಇದು ಸರಿ. ಆದರೆ ಕರುಳಿನ ಒಳಪದರದ ಚಿತ್ರವಿಡೀ ಕೆಂಪು. ಅಲ್ಲಿ ವೈದ್ಯರು ಹುಡುಕುವುದೇ ಕೆಂಪಿನೊಳಗಿನ ಇನ್ನೊಂದು ಕೆಂಪನ್ನು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಅಲ್ಟ್ರಾಸೌಂಡ್ ಆದ ಕಲರ್ ಡಾಪ್ಲರಿನಲ್ಲೂ ಅಷ್ಟೇ, ರಕ್ತದ ಹರಿವಿನ ಅಂಚು ಮಸುಕಾಗುತ್ತದೆ. ಅಲ್ಟ್ರಾಸೌಂಡಿನ ಕಾಳುಕಾಳಾದ ಚುಕ್ಕೆ ವಿನ್ಯಾಸವೂ ಕುಗ್ಗಿಸುವ ತಂತ್ರಾಂಶದ ಕಣ್ಣಿಗೆ ನಾಯ್ಸ್‌ನಂತೆಯೇ ಕಾಣುತ್ತದೆ. ಬಿಟ್ ದರ ತೀರಾ ಇಳಿಸಿದರೆ ಅದನ್ನು ಒರೆಸಿ ನುಣುಪು ಮಾಡಿಬಿಡುತ್ತದೆ. ಚಿತ್ರ ಚೆಂದವಾಗುತ್ತದೆ, ಹೃದಯದ ಒಳಗೋಡೆಯ ಗೆರೆ ಮಾತ್ರ ಎಲ್ಲಿದೆಯೆಂದು ತಿಳಿಯದು.

ಎಚ್.264ರ ದೊಡ್ಡ ಉಳಿತಾಯ ಬರುವುದು ಫ್ರೇಮ್‌ಗಳ ನಡುವಿನಿಂದ. ಆಗೊಂದು ಈಗೊಂದು ಫ್ರೇಮನ್ನು ಮಾತ್ರ ಪೂರ್ತಿ ಬರೆದು, ನಡುವಿನವುಗಳಲ್ಲಿ ಬದಲಾದದ್ದನ್ನಷ್ಟೇ ಬರೆಯುತ್ತದೆ. ಅಂಗಡಿ ಲೆಕ್ಕದಲ್ಲಿ ಹಿಂದಿನ ಶಿಲ್ಕಿಗೆ ಇಂದಿನ ಜಮಾ ಖರ್ಚು ಸೇರಿಸಿದ ಹಾಗೆ. ನಡುವೆ ಒಂದು ಪುಟ ಹಾಳಾದರೆ ಮುಂದಿನ ಪೂರ್ತಿ ಫ್ರೇಮ್ ಬರುವವರೆಗೂ ಲೆಕ್ಕ ತಪ್ಪು, ಪರದೆಯ ಮೇಲೆ ಬಣ್ಣ ಕದಡಿದ ಕಲೆಗಳು. ಒಂದೊಂದೇ ಫ್ರೇಮ್ ಹಿಂದಕ್ಕೆ ಸರಿಸಿ ನೋಡುವುದೂ ನಿಧಾನ. ಹೃದ್ರೋಗ ತಜ್ಞರಿಗೆ ಬೇಕಾದದ್ದು ಸರಿಯಾಗಿ ಅದೇ. ಆದ್ದರಿಂದ ಎಕೋ (ಹೃದಯದ ಅಲ್ಟ್ರಾಸೌಂಡ್) ಯಂತ್ರಗಳು ಎರಡು ಮೂರು ಬಡಿತಗಳ ತುಣುಕನ್ನು ಬಹುಮಟ್ಟಿಗೆ ಬಿಡಿಬಿಡಿ ಜೆಪೆಗ್ ಫ್ರೇಮ್‌ಗಳಾಗಿಯೇ ಇಡುತ್ತವೆ. ಎಚ್.264 ಹೊಂದುವುದು ಬಹಳ ಹೊತ್ತು ಸಾಗುವ ಎಂಡೋಸ್ಕೋಪಿಗೆ, ಶಸ್ತ್ರಚಿಕಿತ್ಸೆಗೆ. ಜಾಗ ಉಳಿಯುತ್ತದೆಂದು ಎಕೋ ತುಣುಕನ್ನೂ ಅದಕ್ಕೆ ತುರುಕುವುದು ಜಾಣತನವಲ್ಲ.

ಇವೆಲ್ಲವನ್ನೂ ಒಂದು ಕಟ್ಟಿನಲ್ಲಿಡುವ ಮಾನದಂಡ ಡೈಕಾಮ್. ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ವಿದ್ಯುತ್ ಉಪಕರಣ ತಯಾರಕರ ಸಂಘ 1985ರಲ್ಲಿ ಜೊತೆಯಾಗಿ ಹೊರತಂದ ನಿಯಮಗಳು 1993ರಲ್ಲಿ ಈ ಹೆಸರು ಪಡೆದವು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ 2016ರ ವಿದ್ಯುನ್ಮಾನ ಆರೋಗ್ಯ ದಾಖಲೆ ಮಾನದಂಡಗಳೂ ಚಿತ್ರಗಳಿಗೆ ಇದನ್ನೇ ಹೇಳುತ್ತವೆ. ಡೈಕಾಮ್ ಹೊಸ ಕುಗ್ಗಿಸುವ ವಿಧಾನವನ್ನೇನೂ ಕಂಡುಹಿಡಿಯಲಿಲ್ಲ. ಇದ್ದವನ್ನೇ ಒಳಗಿಟ್ಟು ಸುತ್ತ ದಾಖಲೆ ಕಟ್ಟಿತು. ಅದರಲ್ಲಿ ನನಗೆ ತುಂಬ ಮೆಚ್ಚುಗೆಯಾಗುವ ಅಂಶ (0028,2110) ಎಂಬ ಪುಟ್ಟ ಖಾನೆ. ಚಿತ್ರ ಒಮ್ಮೆಯಾದರೂ ಮಾಹಿತಿ ಕಳೆದುಕೊಂಡಿದ್ದರೆ ಅಲ್ಲಿ 01 ಎಂದಿರಬೇಕು. ಆಮೇಲೆ ಬಿಚ್ಚಿ ಪೂರ್ಣ ಗಾತ್ರಕ್ಕೆ ತಂದರೂ ಅದನ್ನು 00 ಮಾಡುವಂತಿಲ್ಲ. ಪಕ್ಕದ ಖಾನೆ (0028,2112)ರಲ್ಲಿ ಎಷ್ಟು ಪಟ್ಟು ಕುಗ್ಗಿತೆಂಬ ಲೆಕ್ಕ. ಎರಡು ಸಲ ಕುಗ್ಗಿಸಿದರೆ ಎರಡು ಅಂಕಿ.

ವಿಡಿಯೊದ ವಿಧಾನವನ್ನು ಗುರುತಿಸಲು ಉದ್ದನೆಯ ಸಂಖ್ಯೆಗಳಿವೆ. 1.2.840.10008.1.2.4.102 ಎಂದರೆ ಎಚ್.264, ಲೆವೆಲ್ 4.1, ಕೊನೆಯಲ್ಲಿ 104 ಇದ್ದರೆ ಲೆವೆಲ್ 4.2, 107 ಇದ್ದರೆ ಅದರ ಮುಂದಿನ ಪೀಳಿಗೆಯಾದ ಎಚ್.265. ಪೂರ್ಣ ಎಚ್‌ಡಿ ಚಿತ್ರಕ್ಕೆ ಲೆವೆಲ್ 4.1ರ ಮಿತಿ ಸೆಕೆಂಡಿಗೆ ಸುಮಾರು 30 ಫ್ರೇಮ್. ಆಸ್ಪತ್ರೆಗೆ 60 ಫ್ರೇಮಿನ ಹೊಸ ಕ್ಯಾಮೆರಾ ಬಂದು, ಚಿತ್ರಗಳನ್ನು ಕೂಡಿಡುವ ಹಳೆಯ ಪ್ಯಾಕ್ಸ್ ಸರ್ವರಿಗೆ 102 ಮಾತ್ರ ಗೊತ್ತಿದ್ದರೆ ಫೈಲ್ ಒಳಗೇ ಹೋಗದು. ಇಲ್ಲಿ ಎಲ್ಲರೂ ಮೋಸಹೋಗುವುದು ಡೈಕಾಮಿನ ಸಿ-ಎಕೋ ಎಂಬ ಸಂಪರ್ಕ ಪರೀಕ್ಷೆಯಿಂದ. ಅದು ಯಶಸ್ವಿಯಾದರೆ ಎರಡು ಯಂತ್ರಗಳು ಮಾತಾಡುತ್ತಿವೆ ಎಂದಷ್ಟೇ ಅರ್ಥ, ವಿಡಿಯೊ ಸ್ವೀಕಾರವಾಗುತ್ತದೆಂದಲ್ಲ. ಕೊಳ್ಳುವ ಮೊದಲು ತಮ್ಮ ಯಂತ್ರಕ್ಕೆ ಡೈಕಾಮಿನ ಯಾವ ಭಾಗ ಗೊತ್ತೆಂದು ಎರಡೂ ಕಂಪನಿಗಳು ಬರೆದುಕೊಡುವ ಕನ್‌ಫಾರ್ಮೆನ್ಸ್ ಸ್ಟೇಟ್‌ಮೆಂಟಿನಲ್ಲಿ ಈ ಸಂಖ್ಯೆಗಳನ್ನು ಹೋಲಿಸಿ, ಒಂದು ನಿಜವಾದ ಫೈಲ್ ಕಳಿಸಿ, ವೈದ್ಯರು ಕೂರುವ ಪರದೆಯಲ್ಲೇ ತೆರೆದು ನೋಡಬೇಕು.

ಇನ್ನೊಂದು ಗೋಡೆ 4 ಜಿಬಿಯದು. ಡೈಕಾಮಿನಲ್ಲಿ ಒಂದು ತುಂಡಿನ ಉದ್ದ ಬರೆಯುವ ಜಾಗ 32 ಬಿಟ್, ಅದರಲ್ಲಿ 4 ಜಿಬಿ ಮೀರಿದ ಉದ್ದ ಹಿಡಿಸದು. ವಿಡಿಯೊ ಇಡಿಯಾಗಿ ಒಂದೇ ತುಂಡಾಗಿರಬೇಕು ಎಂಬುದು ಮೊದಲಿನ ನಿಯಮ. 10 ಮೆಗಾಬಿಟ್ ದರದಲ್ಲಿ 57 ನಿಮಿಷಕ್ಕೆ, 20ರಲ್ಲಿ ಅದರರ್ಧಕ್ಕೆ ಮಿತಿ ಮುಟ್ಟುತ್ತದೆ. ತುಂಡು ಮಾಡಲು ಬಿಡುವ ಹೊಸ ಸಂಖ್ಯೆಗಳು ಈಚೆಗೆ ಬಂದಿವೆ, ಹಳೆಯ ಸರ್ವರುಗಳಿಗೆ ಅವು ಗೊತ್ತಿಲ್ಲ. ಹಾಗಾಗಿ ಮೂರು ಗಂಟೆಯ ಆಪರೇಷನ್ನನ್ನು ಇಪ್ಪತ್ತಿಪ್ಪತ್ತು ನಿಮಿಷದ ಬೇರೆ ಬೇರೆ ಫೈಲುಗಳಾಗಿ ರೆಕಾರ್ಡ್ ಮಾಡುವುದೇ ಕ್ಷೇಮ. ಅಂದಹಾಗೆ, ಈ ವಿಡಿಯೊಗಳಲ್ಲಿ ಧ್ವನಿಗೂ ಅವಕಾಶವಿದೆ. ಮೈಕ್ ಆರಿಸದಿದ್ದರೆ ಥಿಯೇಟರಿನ ಹರಟೆಯೂ ರೋಗಿಯ ದಾಖಲೆ ಸೇರುತ್ತದೆ.

ಡೈಕಾಮಿನಿಂದ ಎಂಪಿ4ಗೆ ಬದಲಿಸಿ ವಾಟ್ಸ್ಯಾಪಿನಲ್ಲಿ ಕಳಿಸುವುದು ಈಗ ಮಾಮೂಲು. ಚಿತ್ರ ಇನ್ನೊಮ್ಮೆ ಕುಗ್ಗುವುದು ಅದರ ಸಣ್ಣ ತೊಂದರೆ. ಒಂದು ಬಿಂದು ಎಷ್ಟು ಮಿಲಿಮೀಟರ್ ಎಂಬ ಅಳತೆ ಕಳಚಿಹೋಗುತ್ತದೆ. ಕವಾಟದ ಅಗಲ ಅಳೆಯಲು ಮತ್ತೆ ಸಾಧ್ಯವಿಲ್ಲ. ಫ್ರೇಮ್ ಅಂತರವೂ ಹೋಗುತ್ತದೆ: 60 ಫ್ರೇಮಿನಲ್ಲಿ ತೆಗೆದದ್ದನ್ನು ವಿಡಿಯೊ ಪ್ಲೇಯರ್ 30ರಂತೆ ಓಡಿಸಿದರೆ 76 ಬಡಿತದ ಹೃದಯ 38ರಂತೆ ಕಾಣುತ್ತದೆ. ಉಳಿಯಬಾರದ್ದು ಮಾತ್ರ ಉಳಿಯುತ್ತದೆ. ಅಲ್ಟ್ರಾಸೌಂಡ್ ಯಂತ್ರ ರೋಗಿಯ ಹೆಸರನ್ನು ಚಿತ್ರದ ಬಿಂದುಗಳಲ್ಲೇ ಬರೆದಿದ್ದರೆ, ಖಾನೆಗಳನ್ನೆಲ್ಲ ಅಳಿಸಿದರೂ ಹೆಸರು ಪರದೆಯ ಮೂಲೆಯಲ್ಲೇ ಇರುತ್ತದೆ.

ಆಂಜಿಯೋಗ್ರಾಮ್ ಸಿಡಿ ಇನ್ನೊಬ್ಬ ವೈದ್ಯರಿಗೆ ತೋರಿಸಬೇಕಿದ್ದರೆ ಇಡೀ ಸಿಡಿಯನ್ನು ಇದ್ದ ಹಾಗೆ ಪೆನ್‌ಡ್ರೈವಿಗೆ ನಕಲು ಮಾಡಿ. ಅದರಲ್ಲಿರುವ ಡೈಕಾಮ್‌ಡಿರ್ ಎಂಬ ಫೈಲ್ ಉಳಿದವುಗಳ ಪಟ್ಟಿ. ಮಿಕ್ಕ ಫೈಲುಗಳ ಹೆಸರಿಗೆ ಬಾಲ ಇರುವುದಿಲ್ಲ, ನೋಡಲು ಕೆಟ್ಟುಹೋದ ಫೈಲಿನಂತಿರುತ್ತವೆ. ಅವುಗಳ ಹೆಸರು ಬದಲಿಸಿದರೆ ಅಥವಾ ಬೇರೆ ಫೋಲ್ಡರಿಗೆ ಸರಿಸಿದರೆ ಪಟ್ಟಿ ತಪ್ಪಿ, ಆ ಕಡೆಯ ಕಂಪ್ಯೂಟರು ಸಿಡಿ ಖಾಲಿ ಎನ್ನಬಹುದು.