ಮೂಲ ವರದಿ ಓದಿಲ್ಲ, ಆದರೂ ಅದನ್ನೇ ಉಲ್ಲೇಖಿಸಬಹುದಾ?

ಪ್ರಶ್ನೆ: ಎಂ.ಎ. ಕಿರುಪ್ರಬಂಧ ಬರೆಯುತ್ತಿದ್ದೇನೆ. ಹಲ್ಮಿಡಿ ಶಾಸನದ ಬಗ್ಗೆ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಯಲ್ಲಿ ಹೇಳಿದ್ದನ್ನು ಬೇರೆಯವರ ಪುಸ್ತಕದಲ್ಲಿ ಓದಿದೆ. ಯಾರ ಹೆಸರು ಹಾಕಲಿ?

ಉತ್ತರ: ಇಬ್ಬರದೂ ಹಾಕಿ. ಮಾತು ಕೃಷ್ಣ ಅವರದು, ನಿಮಗೆ ಸಿಕ್ಕಿದ್ದು ಇನ್ನೊಬ್ಬರ ಪುಸ್ತಕದಲ್ಲಿ. ಎರಡೂ ಓದುವವರಿಗೆ ಗೊತ್ತಾಗಬೇಕು. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಆಕರ ಕೊಡುವ ಕ್ರಮ) ಪದ್ಧತಿಯಲ್ಲಾದರೆ ಆವರಣದೊಳಗೆ ಮೊದಲು ಕೃಷ್ಣ ಅವರ ಹೆಸರು, ವರದಿಯ ಇಸವಿ ಬರುತ್ತದೆ. ಆಮೇಲೆ ನೀವು ಓದಿದ ಲೇಖಕರ ಹೆಸರು, ಇಸವಿ, ಪುಟ ಕೊಟ್ಟು 'ಇಲ್ಲಿ ಉದ್ಧೃತ' ಎಂದು ಸೇರಿಸಿ. ಕೊನೆಯ ಗ್ರಂಥಋಣದಲ್ಲಿ ಮಾತ್ರ ನೀವು ಓದಿದ ಪುಸ್ತಕ ಒಂದೇ ಇರಲಿ. ಕೃಷ್ಣ ಅವರ ವರದಿಯನ್ನು ನೀವು ನೋಡೇ ಇಲ್ಲ, ಅಲ್ವಾ? ಹಾಗಾಗಿ ಅದು ಆ ಪಟ್ಟಿಗೆ ಸೇರುವುದಿಲ್ಲ.

ತುಂಬಾ ಜನ ಇಲ್ಲಿ ಅಡ್ಡದಾರಿ ಹಿಡಿಯುತ್ತಾರೆ. ಓದಿದ ಪುಸ್ತಕದ ಅಡಿಟಿಪ್ಪಣಿಯನ್ನೇ ಎತ್ತಿ ತಮ್ಮದರಲ್ಲಿ ಹಾಕಿಕೊಳ್ಳುತ್ತಾರೆ. ಆ ಅಡಿಟಿಪ್ಪಣಿಯಲ್ಲಿ ಪುಟಸಂಖ್ಯೆ ತಪ್ಪಿದ್ದರೆ? ಆ ತಪ್ಪು ಒಂದು ಪ್ರಬಂಧದಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಯಾರೂ ಮೂಲ ತೆರೆದು ನೋಡಿರುವುದಿಲ್ಲ.

ನಿಮ್ಮ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು 1936ರಲ್ಲಿ, ಬೇಲೂರು ತಾಲ್ಲೂಕಿನಲ್ಲಿ. ಅದರ ಕಾಲ ಕ್ರಿ.ಶ. 450 ಎಂದು ನಾವೆಲ್ಲ ಶಾಲೆಯಲ್ಲೇ ಕಲಿತಿದ್ದೇವೆ. ಆದರೆ ಕಲ್ಲಿನ ಮೇಲೆ ಇಸವಿ ಇಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಅರಸರ ಹೆಸರು ನೋಡಿ ವಿದ್ವಾಂಸರು ಅಂದಾಜು ಮಾಡಿದ ಕಾಲ ಅದು. ಎಲ್ಲರೂ ಅದನ್ನು ಒಪ್ಪಿಲ್ಲ, ಇನ್ನೂ ಈಚಿನದು ಎನ್ನುವವರೂ ಇದ್ದಾರೆ. ಆದ್ದರಿಂದ '450' ಎಂದು ಬರೆದು ಸುಮ್ನೆ 'ಹಲ್ಮಿಡಿ ಶಾಸನ' ಎಂದು ಆಕರ ಕೊಟ್ಟರೆ ಸಾಲದು. ಶಾಸನ ಆ ಮಾತು ಹೇಳುವುದೇ ಇಲ್ಲ. ಯಾರು ಹೇಳಿದ್ದಾರೋ ಅವರ ಹೆಸರು, ಪುಟ ಕೊಡಿ. ಶಾಸನದ ಸಾಲನ್ನೇ ಎತ್ತಿ ಬರೆದಾಗ ಯಾರ ಪಾಠ (ಅಂದರೆ ಯಾರು ಓದಿಕೊಟ್ಟ ರೂಪ) ಬಳಸಿದಿರಿ ಅಂತಲೂ ಹೇಳಿ. ಸವೆದ ಅಕ್ಷರಗಳನ್ನು ಒಬ್ಬೊಬ್ಬರು ಒಂದೊಂದು ಥರ ಓದಿರುತ್ತಾರೆ.

ಹಳಗನ್ನಡ ಕಾವ್ಯಕ್ಕೆ ಪುಟಕ್ಕಿಂತ ಪದ್ಯದ ಸಂಖ್ಯೆ ಒಳ್ಳೆಯದು. ಕಾವೇರಿಯಿಂದ ಗೋದಾವರಿವರೆಗಿನ ನಾಡಿನ ಪದ್ಯಕ್ಕೆ 'ಕವಿರಾಜಮಾರ್ಗ 1-36' (ಮೊದಲ ಪರಿಚ್ಛೇದ, 36ನೇ ಪದ್ಯ) ಎಂದು ಕೊಟ್ಟರೆ ಯಾವ ಮುದ್ರಣದಲ್ಲಾದರೂ ಹುಡುಕಬಹುದು. ನೀವು ಬಳಸಿದ ಸಂಪಾದನೆ ಯಾವುದು ಎಂಬುದು ಗ್ರಂಥಋಣದಲ್ಲಿರಲಿ.

ಇನ್ನೊಂದು ಮಾತು. 'ನನ್ನ ಮಾತಲ್ಲೇ ಬರೆದಿದ್ದೇನೆ, ಆಕರ ಯಾಕೆ?' ಎನ್ನುವವರು ಜಾಸ್ತಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಗಳ ಪ್ರಕಾರ ಇನ್ನೊಬ್ಬರ ವಿಚಾರವನ್ನು ತನ್ನದೆಂದು ತೋರಿಸುವುದೂ ಕೃತಿಚೌರ್ಯವೇ. ಪದ ಬದಲಾಯಿಸಿದರೂ ವಿಚಾರ ಅವರದೇ.

ಆಕರದ ಕ್ರಮ ಯಾವುದು, ಅಡಿಟಿಪ್ಪಣಿಯೋ ಆವರಣವೋ ಎಂಬುದನ್ನು ನಿಮ್ಮ ವಿಭಾಗ ಹೇಳುತ್ತದೆ, ಗೈಡನ್ನು ಕೇಳಿ. ಅದಕ್ಕೂ ಮೊದಲು ಮೂಲ ಸಿಗುತ್ತದಾ ನೋಡಿ. ಮೈಸೂರು ಪುರಾತತ್ವ ಇಲಾಖೆಯ ಹಳೆಯ ವಾರ್ಷಿಕ ವರದಿಗಳಲ್ಲಿ ಹಲವು ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿವೆ. ಬೇಕಾದ ಪುಟ ಅಲ್ಲಿ ಸಿಕ್ಕಿದರೆ ಓದಿ, ಕೃಷ್ಣ ಅವರನ್ನು ನೇರವಾಗಿಯೇ ಉಲ್ಲೇಖಿಸಿ. ಆಗ 'ಉದ್ಧೃತ' ಎಂದು ಬರೆಯುವ ಅಗತ್ಯವೇ ಇರುವುದಿಲ್ಲ.